ಹೆಚ್ಚು ಖರ್ಚಿನ ದೇಹವಿರುವ ಮರಿಯೇ ಯಜಮಾನನಾಗುವುದು ಹೇಗೆ? ಸಾಲ್ಮನ್ ಮರಿಗಳ ಚಯಾಪಚಯ ದರದ ಬಗ್ಗೆ ಒಂದು ಸಂದೇಹ

ಪ್ರಶ್ನೆ

ನಾನು ಪದವಿ ತರಗತಿಗಳಿಗೆ ಪ್ರಾಣಿಶಾಸ್ತ್ರ ಬೋಧಿಸುವವಳು. ಪ್ರಾಣಿವರ್ತನೆಯ ಪಾಠಕ್ಕೆ ಸಿದ್ಧತೆ ಮಾಡಿಕೊಳ್ಳುವಾಗ, ಮೀನಿನ ಮರಿಗಳ ನಡುವೆ ಏರ್ಪಡುವ ಮೇಲುಕೀಳಿನ ಶ್ರೇಣಿಗೂ ಅವುಗಳ ಚಯಾಪಚಯ ದರಕ್ಕೂ, ಅಂದರೆ ದೇಹ ಶಕ್ತಿಯನ್ನು ವ್ಯಯಿಸುವ ವೇಗಕ್ಕೂ, ಇರುವ ಸಂಬಂಧದ ಬಗ್ಗೆ ಓದತೊಡಗಿದೆ. ಓದಿದಷ್ಟೂ ಎರಡು ತೊಡಕುಗಳು ಬಿಗಿಯಾಗುತ್ತಿವೆಯೇ ಹೊರತು ಸಡಿಲವಾಗುತ್ತಿಲ್ಲ. ಬಲ್ಲವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ನೀಲ್ ಮೆಟ್‌ಕಾಫ್ ಮತ್ತು ಸಂಗಡಿಗರು ಅಟ್ಲಾಂಟಿಕ್ ಸಾಲ್ಮನ್ ಮರಿಗಳ ಮೇಲೆ ಸ್ಕಾಟ್ಲೆಂಡಿನಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮ್ಮನೆ ನಿಂತಿರುವಾಗಲೂ ಹೆಚ್ಚು ಆಮ್ಲಜನಕ ಬಳಸುವ ಮರಿ, ಅಂದರೆ ಮೂಲ ಚಯಾಪಚಯ ದರ ಹೆಚ್ಚಿರುವ ಮರಿ, ಕಡಿಮೆ ದರದ ಮರಿಯ ಮೇಲೆ ಯಜಮಾನಿಕೆ ಸಾಧಿಸುತ್ತದೆ. ಆ ಎಳೆಯ ಹಂತದಲ್ಲಿ ಯಾರು ಗೆಲ್ಲುತ್ತಾರೆಂಬುದನ್ನು ದೇಹದ ಗಾತ್ರಕ್ಕಿಂತ ಈ ದರವೇ ಚೆನ್ನಾಗಿ ಸೂಚಿಸುತ್ತದೆಯಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಾವು ಬಲ್ಲ ಲೆಕ್ಕ. ಏನೂ ಮಾಡದೆ ನಿಂತಾಗಲೂ ಶಕ್ತಿಯನ್ನು ಹೆಚ್ಚು ವ್ಯಯಿಸುವ ಮರಿ ಹಸಿವಿಗೆ ಬೇಗ ಸಿಲುಕಬೇಕು, ಸೊರಗಬೇಕು. ಅದೇ ಹೇಗೆ ಗೆಲ್ಲುತ್ತದೆ?

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಕ್ಯಾಥರಿನ್ ಸ್ಲೋಮನ್ ಮತ್ತು ಸಂಗಡಿಗರು ಕಂದು ಟ್ರೌಟ್ ಮೀನುಗಳ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಯಾಪಚಯ ದರ ಏರಿದ್ದು ಸೋತ ಮೀನುಗಳಲ್ಲಿ. ಒಂದು ಕಡೆ ಹೆಚ್ಚಿನ ದರ ಯಜಮಾನನ ಗುರುತು, ಇನ್ನೊಂದು ಕಡೆ ಅಧೀನನ ಗುರುತು. ಎರಡನ್ನೂ ಒಂದೇ ತರಗತಿಯಲ್ಲಿ ಹೇಳಿದರೆ ವಿದ್ಯಾರ್ಥಿಗಳು ಯಾವುದನ್ನು ನಂಬಬೇಕು?

ಮೊದಲ ಉತ್ತರ

ಮೇಡಂ, ತಾವು ಹೇಳಿದ ಎರಡೂ ಅಧ್ಯಯನಗಳು ಸರಿಯೇ, ಮತ್ತು ಅವು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಗಮನಿಸಬೇಕಾದದ್ದು ಅಳತೆ ಯಾವಾಗ ನಡೆಯಿತು ಎಂಬುದನ್ನು. ಮೀನುಗಳು ಪರಸ್ಪರ ಎದುರಾಗುವ ಮೊದಲು ಅಳೆದ ದರ ಒಂದು ಸಂಗತಿಯನ್ನು ಹೇಳುತ್ತದೆ. ಎದುರಾಗಿ, ಸೋಲು ಗೆಲುವು ನಿಶ್ಚಯವಾಗಿ, ಒಂದೇ ತೊಟ್ಟಿಯಲ್ಲಿ ದಿನ ಕಳೆದ ಮೇಲೆ ಅಳೆದ ದರ ಹೇಳುವುದು ಬೇರೆಯದೇ ಸಂಗತಿಯನ್ನು. ನಾನು ಕೆಲವು ವರ್ಷ ಮೀನಿನ ಮರಿಗಳ ಉಸಿರಾಟ ಅಳೆಯುವ ಕೆಲಸದಲ್ಲಿದ್ದವನು. ಈ ವಿಷಯದಲ್ಲಿ ಹುಟ್ಟುವ ಗೊಂದಲಗಳಲ್ಲಿ ಹೆಚ್ಚಿನವು ಈ ಒಂದು ವ್ಯತ್ಯಾಸವನ್ನು ಮರೆಯುವುದರಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಹೊಳೆಯ ಸ್ಥಿತಿಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ತಾಯಿ ಸಾಲ್ಮನ್ ಶರತ್ಕಾಲದ ಕೊನೆಯ ಹೊತ್ತಿಗೆ ಹೊಳೆಯ ತಳದ ಜಲ್ಲಿಯಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಮೊಟ್ಟೆಯೊಡೆದ ಮರಿ ಹೊಟ್ಟೆಗೆ ಅಂಟಿದ ಹಳದಿಯ ಚೀಲವನ್ನೇ ಉಣ್ಣುತ್ತಾ ಜಲ್ಲಿಯ ಸಂದಿಯಲ್ಲಿ ವಾರಗಟ್ಟಲೆ ಉಳಿದು, ವಸಂತದಲ್ಲಿ ಆ ಬುತ್ತಿ ಮುಗಿಯುತ್ತಾ ಬಂದಾಗ ಮೇಲೇಳುತ್ತದೆ. ಆಗ ಅದರ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಹೊಳೆಯಲ್ಲಿ ಆಹಾರವೆಂದರೆ ನೀರಿನ ಸೆಳವಿನಲ್ಲಿ ತೇಲಿ ಬರುವ ಹುಳುಗಳು. ಒಂದು ಕಲ್ಲಿನ ಮಗ್ಗುಲಲ್ಲಿ, ಸೆಳವು ಕಡಿಮೆಯಿದ್ದು ಪಕ್ಕದಲ್ಲೇ ಆಹಾರ ಹರಿದುಹೋಗುವ ತಾಣ ಸಿಕ್ಕಿದರೆ ಮರಿ ಬದುಕಿತು. ಸಿಗದಿದ್ದರೆ ಹರಿವಿನೊಂದಿಗೆ ಕೆಳಕ್ಕೆ ಜಾರಿಹೋಗುತ್ತದೆ. ಅಂತಹ ತಾಣಗಳು ಕೆಲವೇ, ಮೇಲೆದ್ದ ಮರಿಗಳು ಅಪಾರ. ಯಾರಿಗೆ ಜಾಗ, ಯಾರಿಗಿಲ್ಲ ಎಂಬುದು ಮೊದಲ ಕೆಲವೇ ದಿನಗಳಲ್ಲಿ ಬಹುಪಾಲು ತೀರ್ಮಾನವಾಗುತ್ತದೆ.

ಈ ಕೆಲವು ದಿನಗಳ ಪೈಪೋಟಿಯಲ್ಲಿ ದರ ಹೆಚ್ಚಿರುವ ಮರಿಗೆ ಅನುಕೂಲವಿದೆ. ಹಳದಿಯ ಚೀಲವನ್ನು ಬೇಗ ಮುಗಿಸಿ ಬೇಗ ಆಹಾರಕ್ಕಿಳಿಯುವ ಮರಿಗಳು ಶ್ರೇಣಿಯಲ್ಲಿ ಮೇಲೇರುವ ಸಂಭವ ಹೆಚ್ಚೆಂದು ಮೆಟ್‌ಕಾಫ್ ಮತ್ತು ಥೋರ್ಪ್ 1992ರಲ್ಲೇ ತೋರಿಸಿದ್ದರು. ಮೊದಲು ಬಂದವನು ಜಾಗದ ಒಡೆಯನಾಗುವ ಲಾಭವೂ ಇದಕ್ಕೆ ಸೇರುತ್ತದೆ. ಇನ್ನೊಂದು ಸ್ವಾರಸ್ಯಕರ ಸಾಕ್ಷ್ಯವೆಂದರೆ ಓಟೋಲಿತ್ ಎಂಬ ಕಿವಿಗಲ್ಲು. ಸುಣ್ಣದ ಅಂಶ ಪದರಪದರವಾಗಿ ಕೂಡಿ ಬೆಳೆಯುವ ಈ ಸಣ್ಣ ಹರಳು ಮರಿ ಮೊದಲ ತುತ್ತು ತಿನ್ನುವುದಕ್ಕೂ ಮೊದಲೇ ರೂಪುಗೊಳ್ಳತೊಡಗುತ್ತದೆ, ಮತ್ತು ಅದರ ಬೆಳವಣಿಗೆ ಚಯಾಪಚಯ ದರವನ್ನು ಹಿಂಬಾಲಿಸುತ್ತದೆ. ಮೊದಲ ಆಹಾರದ ಹೊತ್ತಿಗೆ ಯಾವ ಮರಿಯ ಕಿವಿಗಲ್ಲು ದೊಡ್ಡದಿತ್ತೋ ಆ ಮರಿ ಮುಂದೆ ಮೇಲುಗೈ ಸಾಧಿಸುವ ಸಂಭವ ಹೆಚ್ಚಿತ್ತು. ಜಪಾನಿನ ಸಂಶೋಧಕರು ಮಾಸು ಸಾಲ್ಮನ್ ಮರಿಗಳಲ್ಲಿಯೂ ಮೇಲುಗೈ, ಚಯಾಪಚಯ ದರ ಮತ್ತು ಕಿವಿಗಲ್ಲಿನ ಗಾತ್ರ, ಈ ಮೂರೂ ಒಟ್ಟಿಗೆ ಸಾಗುವುದನ್ನು ಕಂಡು 1998ರಲ್ಲಿ ವರದಿ ಮಾಡಿದರು. ಅಂದರೆ ಈ ವ್ಯತ್ಯಾಸ ಜಗಳದಿಂದ ಹುಟ್ಟಿದ್ದಲ್ಲ. ಮರಿ ಇನ್ನೊಂದು ಮರಿಯ ಮುಖ ನೋಡುವ ಮೊದಲೇ ಅದು ದೇಹದಲ್ಲಿ ನೆಲೆಗೊಂಡಿತ್ತು.

ಈಗ ತಮ್ಮ ಹಾಸಿಗೆ ಮತ್ತು ಕಾಲಿನ ಲೆಕ್ಕಕ್ಕೆ ಬರುತ್ತೇನೆ. ಅದು ಸರಿಯಾದ ಲೆಕ್ಕವೇ. ಆದರೆ ಈ ಮರಿ ಹಾಸಿಗೆಯನ್ನೂ ದೊಡ್ಡದು ಮಾಡಿಕೊಳ್ಳುತ್ತದೆ. ಕೇಟ್ ಮಿಲಿಡೀನ್, ಜಾನ್ ಆರ್ಮ್‌ಸ್ಟ್ರಾಂಗ್ ಮತ್ತು ಮೆಟ್‌ಕಾಫ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಊಟವಾದ ಕೂಡಲೇ ಯಾವ ಮೀನಿನಲ್ಲಾದರೂ ಆಮ್ಲಜನಕದ ಬಳಕೆ ಏರುತ್ತದೆ, ಏಕೆಂದರೆ ಜೀರ್ಣಕ್ರಿಯೆಗೂ ಹೊಸ ಪ್ರೋಟೀನು ಕಟ್ಟುವುದಕ್ಕೂ ಶಕ್ತಿ ಬೇಕು. ಮೂಲ ದರ ಹೆಚ್ಚಿರುವ ಸಾಲ್ಮನ್ ಮರಿಗಳಲ್ಲಿ ಈ ಏರಿಕೆ ಹೆಚ್ಚು ಎತ್ತರಕ್ಕೆ ಹೋಗುತ್ತದೆ, ಆದರೆ ಬೇಗ ಮುಗಿಯುತ್ತದೆ. ಒಂದೇ ಪ್ರಮಾಣದ ಊಟವನ್ನು ಅವು ಕಡಿಮೆ ಸಮಯದಲ್ಲಿ ಅರಗಿಸಿಕೊಂಡು ಮುಂದಿನ ತುತ್ತಿಗೆ ಸಿದ್ಧವಾಗಿರುತ್ತವೆ. ದೊಡ್ಡ ಒಲೆ ಹೂಡಿದವನಿಗೆ ಸೌದೆಯ ಖರ್ಚು ಜಾಸ್ತಿ, ಆದರೆ ಒಂದು ಪಂಕ್ತಿ ಏಳುವಷ್ಟರಲ್ಲಿ ಮುಂದಿನ ಪಂಕ್ತಿಗೆ ಅಡುಗೆ ತಯಾರಿರುತ್ತದೆ. ಸೌದೆ ಸಿಗುತ್ತಿರುವವರೆಗೆ ಇದು ಲಾಭದ ವ್ಯವಹಾರ, ಮತ್ತು ಯಜಮಾನಿಕೆ ಎಂದರೆ ಸೌದೆ ಸಿಗುವ ತಾಣವನ್ನು ಹಿಡಿದಿಟ್ಟುಕೊಳ್ಳುವುದೇ.

ಇನ್ನು ಸ್ಲೋಮನ್ ಅವರ ಟ್ರೌಟ್‌ಗಳ ವಿಷಯ. ಅಲ್ಲಿ ಮೀನುಗಳ ದರವನ್ನು ಜೋಡಿಯಾಗಿ ಬಿಡುವ ಮೊದಲೂ ಅಳೆದರು, ಶ್ರೇಣಿ ಏರ್ಪಟ್ಟ ಬಳಿಕವೂ ಅಳೆದರು. ಅಧೀನವಾದ ಮೀನಿನ ದರ ಏರಿತ್ತು. ಇದು ಸೋಲಿನ ಪರಿಣಾಮ. ಸೋತ ಮರಿ ನೀರಿನ ಮೇಲ್ಭಾಗದ ಮೂಲೆಯಲ್ಲೋ ತಳದ ಅಂಚಿನಲ್ಲೋ ರೆಕ್ಕೆ ಮುದುಡಿಕೊಂಡು ನಿಲ್ಲುತ್ತದೆ. ಅದರ ಬೆನ್ನಿನ ಮತ್ತು ಬಾಲದ ರೆಕ್ಕೆಗಳ ಅಂಚು ಕಚ್ಚಿಸಿಕೊಂಡು ಹರಿದಿರುತ್ತದೆ. ಮೈಬಣ್ಣ ಗಾಢವಾಗುತ್ತದೆ, ಕಣ್ಣಿನ ಬಿಳಿಯ ಭಾಗವೂ ಕಪ್ಪಾಗುತ್ತದೆ. ಈ ಕಪ್ಪು ಶರಣಾಗತಿಯ ಸಂಕೇತವೆಂದೂ, ಅದು ಕಾಣಿಸಿಕೊಂಡ ಮೇಲೆ ಗೆದ್ದ ಮರಿಯ ದಾಳಿ ಇಳಿಯುತ್ತದೆಂದೂ ಸಾಲ್ಮನ್ ಮರಿಗಳನ್ನು ಗಮನಿಸಿದವರು 1999ರಲ್ಲಿ ಬರೆದಿದ್ದಾರೆ. ಆದರೆ ದಾಳಿ ನಿಂತರೂ ಒಳಗಿನ ಬೇಗೆ ನಿಲ್ಲುವುದಿಲ್ಲ. ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಅಧೀನ ಮೀನಿನ ರಕ್ತದಲ್ಲಿ ದಿನಗಟ್ಟಲೆ ಏರಿಯೇ ಇರುತ್ತದೆ, ಹಸಿವು ಕುಗ್ಗುತ್ತದೆ, ನಿಂತಲ್ಲಿಯೇ ಶಕ್ತಿ ವ್ಯಯವಾಗುತ್ತದೆ. ಯಜಮಾನನಲ್ಲಿ ಹೆಚ್ಚಿನ ದರದ ಜೊತೆಗೆ ಹೆಚ್ಚಿನ ಆಹಾರವಿದೆ. ಅಧೀನನಲ್ಲಿ ದರ ಏರಿದೆ, ಆಹಾರ ಇಳಿದಿದೆ. ಉಪಕರಣದ ಪರದೆಯ ಮೇಲೆ ಎರಡೂ ಒಂದೇ ಬಗೆಯ ಅಂಕಿಯಾಗಿ ಕಾಣುತ್ತವೆ.

ಎರಡನೆಯ ಉತ್ತರ

ನಾನು ಸಂಶೋಧಕನಲ್ಲ. ಮಂಡ್ಯ ಜಿಲ್ಲೆಯಲ್ಲಿ ಸಿಮೆಂಟು ತೊಟ್ಟಿಗಳಲ್ಲಿ ಜಿಲೇಬಿ ಮೀನಿನ, ಅಂದರೆ ತಿಲಾಪಿಯಾದ ಮರಿಗಳನ್ನು ಬೆಳೆಸುತ್ತೇನೆ. ಮೇಲಿನ ಉತ್ತರದಲ್ಲಿ ಕಣ್ಣು ಕಪ್ಪಾಗುವ ಮಾತು ಓದಿ ಒಂದು ಅನುಭವ ಹೇಳಬೇಕೆನಿಸಿತು. ಮರಿಗಳನ್ನು ಕಡಿಮೆ ಸಂಖ್ಯೆಯಲ್ಲಿ ಸಣ್ಣ ತೊಟ್ಟಿಯಲ್ಲಿ ಬಿಟ್ಟಾಗಲೆಲ್ಲ ಮೂರ್ನಾಲ್ಕು ದಿನಗಳಲ್ಲಿ ಒಂದೆರಡು ಮರಿಗಳು ಕಪ್ಪಿಟ್ಟು, ನೀರು ಬರುವ ಪೈಪಿನ ಹಿಂದೆ ಸೇರಿಕೊಳ್ಳುವುದನ್ನು ಕಂಡಿದ್ದೇನೆ. ಮೊದಮೊದಲು ರೋಗವೆಂದು ತಿಳಿದು ಉಪ್ಪುನೀರಿನಲ್ಲಿ ಅದ್ದಿ ನೋಡಿದೆ, ಏನೂ ಪ್ರಯೋಜನವಾಗಲಿಲ್ಲ. ಆ ಮರಿಯನ್ನು ಬೇರೆ ತೊಟ್ಟಿಗೆ ಒಂಟಿಯಾಗಿ ಬಿಟ್ಟರೆ ಮಾತ್ರ ಮೈ ತಿಳಿಯಾಗಿ ಮೇವು ತಿನ್ನತೊಡಗುತ್ತಿತ್ತು.

ನನ್ನ ಪ್ರಶ್ನೆ ಇಷ್ಟೆ. ನಾವು ಹದಿನೈದು ದಿನಕ್ಕೊಮ್ಮೆ ದೊಡ್ಡ ಮರಿಗಳನ್ನೂ ಸಣ್ಣವನ್ನೂ ಬಲೆಯಲ್ಲಿ ವಿಂಗಡಿಸುತ್ತೇವೆ. ದೊಡ್ಡವನ್ನು ತೆಗೆದ ಕೆಲವೇ ದಿನಗಳಲ್ಲಿ ಉಳಿದ ಸಣ್ಣವುಗಳಲ್ಲೇ ಮತ್ತೆ ದೊಡ್ಡದು ಸಣ್ಣದು ಆಗುತ್ತದೆ. ಹಾಗಿದ್ದರೆ ಯಜಮಾನಿಕೆ ಹುಟ್ಟಿನಿಂದಲೇ ಬರುತ್ತದೆ ಎನ್ನುವುದು ಎಷ್ಟರ ಮಟ್ಟಿಗೆ ನಿಜ?

ಪ್ರಶ್ನೆ ಕೇಳಿದವರಿಂದ

ಮೊದಲ ಉತ್ತರ ಬರೆದವರಿಗೆ ಕೃತಜ್ಞತೆಗಳು. ಎದುರಾಗುವ ಮೊದಲಿನ ಅಳತೆ, ಎದುರಾದ ನಂತರದ ಅಳತೆ ಎಂಬ ಬೇರ್ಪಡಿಕೆ ನನ್ನ ಎರಡನೆಯ ತೊಡಕನ್ನು ಪೂರ್ತಿಯಾಗಿ ಬಿಡಿಸಿತು. ಜಿಲೇಬಿ ಮರಿಗಳ ಅನುಭವ ಓದಿದ ಮೇಲೆ ನನಗೂ ಅದೇ ಪ್ರಶ್ನೆ ಎದ್ದಿದೆ. ಜೊತೆಗೆ ಇನ್ನೊಂದು: ದರ ಹೆಚ್ಚಿರುವುದು ಯಾವಾಗಲೂ ಲಾಭವೇ ಆಗಿದ್ದರೆ ಕಡಿಮೆ ದರದ ಮರಿಗಳು ಇಷ್ಟು ಹೊತ್ತಿಗೆ ಇಲ್ಲವಾಗಿರಬೇಕಿತ್ತಲ್ಲವೇ? ಹೊಳೆಯಲ್ಲಿ ಅವು ಇಂದಿಗೂ ಧಾರಾಳವಾಗಿವೆ. ಮತ್ತು ಈ ಸಂಬಂಧ ತಣ್ಣೀರಿನ ಸಾಲ್ಮನ್, ಟ್ರೌಟ್‌ಗಳಿಗಷ್ಟೇ ಸೀಮಿತವೇ, ಅಥವಾ ಬಿಸಿಲುನಾಡಿನ ಮೀನುಗಳಿಗೂ ಅನ್ವಯಿಸುತ್ತದೆಯೇ?

ಮೂರನೆಯ ಉತ್ತರ

ತೊಟ್ಟಿಯವರ ಪ್ರಶ್ನೆಯಿಂದ ತೊಡಗುತ್ತೇನೆ, ಏಕೆಂದರೆ ಅದರಲ್ಲಿ ಒಂದು ಪ್ರಯೋಗವೇ ಅಡಗಿದೆ. ಸರ್, ತಾವು ವಿಂಗಡಣೆಯಲ್ಲಿ ಮಾಡುತ್ತಿರುವುದನ್ನೇ ಪ್ರಯೋಗಾಲಯದಲ್ಲಿ ಶ್ರೇಣಿ ಗುರುತಿಸಲು ಬಳಸುತ್ತಾರೆ. ಕೆಲವು ಮರಿಗಳನ್ನು ಒಟ್ಟಿಗೆ ಬಿಟ್ಟು, ಆಹಾರವನ್ನು ಮೊದಲು ಹಿಡಿಯುವ, ಇತರರನ್ನು ಓಡಿಸುವ ಮರಿಯನ್ನು ಗುರುತಿಸಿ ಅದನ್ನು ಹೊರಗೆ ತೆಗೆಯುತ್ತಾರೆ. ಆಗ ಉಳಿದವುಗಳಲ್ಲಿ ಎರಡನೆಯದು ಮೇಲೇಳುತ್ತದೆ, ಅದನ್ನೂ ತೆಗೆದರೆ ಮೂರನೆಯದು. ಯಜಮಾನಿಕೆ ಎಂಬುದು ಒಂದು ಮರಿಯೊಳಗೆ ಕೂತಿರುವ ಗುಣವಲ್ಲ, ಎರಡು ಮರಿಗಳ ನಡುವಿನ ಸಂಬಂಧ. ಹುಟ್ಟಿನಿಂದ ಬರುವುದು ಚಯಾಪಚಯ ದರದ ವ್ಯತ್ಯಾಸ. ಆ ವ್ಯತ್ಯಾಸ ಯಾರನ್ನು ಮೇಲಕ್ಕೇರಿಸುತ್ತದೆ ಎಂಬುದು ಎದುರಿಗೆ ಯಾರಿದ್ದಾರೆ ಎಂಬುದನ್ನು ಅವಲಂಬಿಸಿದೆ. ಐಯನ್ ಮೆಕಾರ್ಥಿ 2001ರಲ್ಲಿ ಕಾಮನಬಿಲ್ಲು ಟ್ರೌಟ್ ಮರಿಗಳ ಬಗ್ಗೆ ಬರೆದಾಗ ಒತ್ತಿ ಹೇಳಿದ್ದೂ ಜೋಡಿಯ ಇಬ್ಬರ ನಡುವಿನ ದರದ ಅಂತರವನ್ನೇ. ಆದ್ದರಿಂದ ತಮ್ಮ ಸಣ್ಣ ಮರಿಗಳಲ್ಲಿ ಮತ್ತೆ ಶ್ರೇಣಿ ಏರ್ಪಡುವುದು ಈ ತಿಳಿವಳಿಕೆಗೆ ವಿರುದ್ಧವಲ್ಲ. ಮೇವನ್ನು ಒಂದೇ ಮೂಲೆಯಲ್ಲಿ ಸುರಿಯದೆ ತೊಟ್ಟಿಯ ತುಂಬ ಚೆಲ್ಲಿದರೆ ಒಂದು ಮರಿ ಅದನ್ನು ಕಾಯ್ದುಕೊಳ್ಳುವುದು ಕಷ್ಟವಾಗುತ್ತದೆ. ಕಾಯಲಾಗದ ಆಹಾರಕ್ಕಾಗಿ ಜಗಳವೂ ಕಡಿಮೆ.

ಒಂದು ಎಚ್ಚರಿಕೆ. ಕಾಟ್ಲಾ, ರೋಹು ಮರಿಗಳಿಗೆ ಇದನ್ನೆಲ್ಲ ಹಾಗೆಯೇ ಅನ್ವಯಿಸಲು ಹೋಗಬಾರದು. ಅವು ಗುಂಪಾಗಿ ಈಜುವ ಮೀನುಗಳು, ಸಾಲ್ಮನ್ ಮರಿಯಂತೆ ಕಲ್ಲಿನ ಮಗ್ಗುಲಿನ ತಾಣ ಕಾಯುವವುಗಳಲ್ಲ.

ಮೇಡಂ ಅವರ ಪ್ರಶ್ನೆ, ಕಡಿಮೆ ದರದ ಮರಿಗಳು ಏಕೆ ಉಳಿದಿವೆ ಎಂಬುದು, ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು. ಇಲ್ಲಿ ಪ್ರಯೋಗಾಲಯದ ತೊಟ್ಟಿಗೂ ಹೊಳೆಗೂ ಇರುವ ಅಂತರ ಕಣ್ಣಿಗೆ ಕಟ್ಟುತ್ತದೆ. ಆಹಾರ ಒಂದೇ ಕಡೆಯಿಂದ ನಿಶ್ಚಿತವಾಗಿ ಬರುವ ಸರಳ ತೊಟ್ಟಿಯಲ್ಲಿ ದರ ಹೆಚ್ಚಿರುವ ಸಾಲ್ಮನ್ ಮರಿಗಳು ಚೆನ್ನಾಗಿ ಬೆಳೆಯುತ್ತವೆ. ಕಲ್ಲುಗಳನ್ನು ಹರಡಿ ಮರೆಗಳನ್ನು ಸೃಷ್ಟಿಸಿ, ಆಹಾರ ಎಲ್ಲಿ ಬಂದೀತೆಂದು ಊಹಿಸಲಾಗದಂತೆ ಮಾಡಿದಾಗ ಆ ಅನುಕೂಲ ಕರಗಿಹೋಗುತ್ತದೆ. ಡೊನಾಲ್ಡ್ ರೀಡ್, ಆರ್ಮ್‌ಸ್ಟ್ರಾಂಗ್ ಮತ್ತು ಮೆಟ್‌ಕಾಫ್ ಇದನ್ನು 2012ರಲ್ಲಿ ತೋರಿಸಿದರು. ಅದಕ್ಕೂ ಮೊದಲು, 2003ರಲ್ಲಿ, ಹೊಳೆಯಲ್ಲಿಯೇ ಬದುಕುವ ಕಾಡು ಸಾಲ್ಮನ್ ಮರಿಗಳನ್ನು ಗಮನಿಸಿದವರಿಗೆ ಶ್ರೇಣಿಗೂ ಬೆಳವಣಿಗೆಗೂ ನಾವು ನಿರೀಕ್ಷಿಸುವ ನೇರ ನಂಟು ಸಿಕ್ಕಿರಲಿಲ್ಲ. ಎದುರಾಳಿಯೇ ಕಣ್ಣಿಗೆ ಬೀಳದ ಜಾಗದಲ್ಲಿ ಗದರುವ ಶಕ್ತಿ ಅಷ್ಟಾಗಿ ಉಪಯೋಗಕ್ಕೆ ಬಾರದು, ದೊಡ್ಡ ಒಲೆಯ ಖರ್ಚು ಮಾತ್ರ ತಪ್ಪದು. ಬರಗಾಲದ ವರ್ಷದಲ್ಲಿ ಕಡಿಮೆ ತಿನ್ನುವ ದನ ಉಳಿಯುತ್ತದೆ, ಸಮೃದ್ಧಿಯ ವರ್ಷದಲ್ಲಿ ಹೆಚ್ಚು ತಿನ್ನುವ ದನ ಹೆಚ್ಚು ಹಾಲು ಕರೆಯುತ್ತದೆ. ಹೊಳೆಯಲ್ಲಿ ಎರಡೂ ಬಗೆಯ ವರ್ಷಗಳು ಬರುತ್ತವೆ, ಒಂದೇ ವರ್ಷದಲ್ಲಿ ಎರಡೂ ಬಗೆಯ ತಾಣಗಳಿರುತ್ತವೆ.

ಇದರ ಮೇಲೆ, ದರವೆಂಬುದು ಹುಟ್ಟಿನಿಂದ ಸಾವಿನವರೆಗೆ ಒಂದೇ ಆಗಿ ಉಳಿಯುವುದೂ ಇಲ್ಲ. ಸೋನ್ಯಾ ಆವರ್ ಮತ್ತು ಸಂಗಡಿಗರು 2015ರಲ್ಲಿ ಕಂದು ಟ್ರೌಟ್ ಮರಿಗಳ ಆಹಾರವನ್ನು ಹೆಚ್ಚಿಸಿ, ತಗ್ಗಿಸಿ ನೋಡಿದರು. ಆಹಾರ ಹೆಚ್ಚಾದಾಗ ತಮ್ಮ ದರವನ್ನು ಹೆಚ್ಚು ಏರಿಸಿಕೊಂಡ ಮರಿಗಳು, ಆಹಾರ ಕಡಿಮೆಯಾದಾಗ ಹೆಚ್ಚು ಇಳಿಸಿಕೊಂಡ ಮರಿಗಳು, ಉಳಿದವುಗಳಿಗಿಂತ ಬೆಳವಣಿಗೆಯಲ್ಲಿ ಮುಂದಿದ್ದವು. ಒಲೆಯ ಉರಿಯನ್ನು ಹೆಚ್ಚಿಸಿ ತಗ್ಗಿಸುವ ಸಾಮರ್ಥ್ಯವೂ ಒಂದು ಸಂಪತ್ತು ಎಂದಾಯಿತು. ತಾವು ತರಗತಿಯಲ್ಲಿ ‘ಹೆಚ್ಚು ದರ, ಹೆಚ್ಚು ಬಲ’ ಎಂಬ ಒಂದು ಸಾಲಿನ ಸೂತ್ರ ಬರೆಸದಿರಬೇಕೆಂದು ನಾನು ಮನಃಪೂರ್ವಕವಾಗಿ ಕೇಳಿಕೊಳ್ಳುವುದು ಇದಕ್ಕಾಗಿಯೇ.

ಬಿಸಿಲುನಾಡಿನ ಮೀನುಗಳ ವಿಷಯಕ್ಕೆ ಒಂದು ಒಳ್ಳೆಯ ಉದಾಹರಣೆಯಿದೆ. ಶಾನ್ ಕಿಲೆನ್ ಮತ್ತು ಸಂಗಡಿಗರು ಹವಳದ ದಿಬ್ಬಗಳ ಡ್ಯಾಮ್ಸೆಲ್ ಮೀನಿನ ಎಳೆಯ ಮರಿಗಳನ್ನು ಅಧ್ಯಯನ ಮಾಡಿ 2014ರಲ್ಲಿ ಬರೆದ ಪ್ರಕಾರ, ಅಲ್ಲಿ ಮೇಲುಗೈಯನ್ನು ಸೂಚಿಸಿದ್ದು ಆಮ್ಲಜನಕ ಬಳಕೆಯ ವ್ಯಾಪ್ತಿ, ಅಂದರೆ ಮೂಲ ದರಕ್ಕೂ ಗರಿಷ್ಠ ದರಕ್ಕೂ ನಡುವಿನ ಅಂತರ. ಅಟ್ಟಾಡಿಸುವಾಗ ಬೇಕಾಗುವ ದಮ್ಮು ಈ ಅಂತರದಿಂದಲೇ ಬರಬೇಕು. ಸಂಬಂಧ ಬಿಸಿನೀರಿನಲ್ಲೂ ಇದೆ, ಆದರೆ ಅದು ಹಿಡಿಯುವ ದಾರಿ ಬೇರೆಯಾಗಿರಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಋಣಿ. ಕೊನೆಯದಾಗಿ ಒಂದು ಬಿನ್ನಹ. ಚಯಾಪಚಯ ದರವನ್ನು ನಿಜವಾಗಿ ಹೇಗೆ ಅಳೆಯುತ್ತಾರೆ, ಮತ್ತು ನಮ್ಮಂತಹ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಕಣ್ಣಾರೆ ತೋರಿಸಬಹುದಾದದ್ದು ಏನಾದರೂ ಇದೆಯೇ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ ಬರೆದವರಿಂದ

ಅಳತೆಯ ಕ್ರಮ ಕೇಳಲು ಸರಳ, ಮಾಡಲು ತಾಳ್ಮೆ ಬೇಕು. ಮರಿಯನ್ನು ಒಂದೆರಡು ದಿನ ಉಪವಾಸವಿರಿಸಬೇಕು, ಇಲ್ಲದಿದ್ದರೆ ನಾವು ಅಳೆಯುವುದು ಜೀರ್ಣಕ್ರಿಯೆಯನ್ನು. ಬಳಿಕ ಅದನ್ನು ಬೆರಳಷ್ಟು ದಪ್ಪದ ಗಾಜಿನ ಕೊಳವೆಗೆ ಬಿಟ್ಟು, ಹೊರಗಿನ ಓಡಾಟ ಕಾಣದಂತೆ ಕಪ್ಪು ಬಟ್ಟೆ ಹೊದಿಸುತ್ತೇವೆ. ಕೆಲವು ನಿಮಿಷ ನೀರಿನ ಹರಿವು ನಿಲ್ಲಿಸಿದಾಗ ಮರಿ ಉಸಿರಾಡಿದಷ್ಟೂ ಆಮ್ಲಜನಕ ಇಳಿಯುತ್ತದೆ. ಆ ಇಳಿಕೆಯ ವೇಗವೇ ದರ. ಮತ್ತೆ ಹೊಸ ನೀರು ಹರಿಸುತ್ತೇವೆ, ಮತ್ತೆ ನಿಲ್ಲಿಸುತ್ತೇವೆ, ಹೀಗೆ ರಾತ್ರಿಯಿಡೀ. ಮೊದಲ ಕೆಲವು ಗಂಟೆಗಳ ಅಂಕಿಗಳು ಗಾಬರಿಯ ಅಂಕಿಗಳು. ನಡುರಾತ್ರಿ ದಾಟಿದ ಮೇಲೆ ಗೆರೆ ನಿಧಾನವಾಗಿ ಕೆಳಗಿಳಿದು ಸಮವಾಗುತ್ತದೆ, ಆ ಅತಿ ಕಡಿಮೆಯ ಅಳತೆಗಳಿಂದಲೇ ಮೂಲ ದರವನ್ನು ಲೆಕ್ಕ ಹಾಕುವುದು. ಖಾಲಿ ಕೊಳವೆಯಲ್ಲೂ ಸೂಕ್ಷ್ಮಜೀವಿಗಳು ಆಮ್ಲಜನಕ ಬಳಸುವುದರಿಂದ ಅದನ್ನು ಕಳೆಯಬೇಕು, ಮರಿಯ ತೂಕಕ್ಕೆ ತಕ್ಕ ಹೊಂದಾಣಿಕೆಯನ್ನೂ ಮಾಡಬೇಕು. ತೂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋಲಿಸಿದರೆ ದೊಡ್ಡ ಮರಿಯೇ ಯಾವಾಗಲೂ ಹೆಚ್ಚು ಉಸಿರಾಡಿದಂತೆ ಕಾಣುತ್ತದೆ.

ಇಷ್ಟೆಲ್ಲ ಉಪಕರಣ ಕಾಲೇಜಿನಲ್ಲಿ ಇರಲಾರದು. ಶ್ರೇಣಿಯನ್ನು ಮಾತ್ರ ಧಾರಾಳವಾಗಿ ತೋರಿಸಬಹುದು. ಹೆಚ್ಚುಕಡಿಮೆ ಒಂದೇ ಗಾತ್ರದ ನಾಲ್ಕು ಜಿಲೇಬಿ ಮರಿಗಳನ್ನು ಒಂದು ಗಾಜಿನ ತೊಟ್ಟಿಯಲ್ಲಿ ಬಿಡಿ. ಮೈಮೇಲಿನ ಪಟ್ಟೆಗಳ ವ್ಯತ್ಯಾಸದಿಂದ ವಿದ್ಯಾರ್ಥಿಗಳು ಅವನ್ನು ಗುರುತಿಸಲು ಒಂದೇ ದಿನದಲ್ಲಿ ಕಲಿಯುತ್ತಾರೆ. ಮೇವಿನ ಕಾಳನ್ನು ಒಂದೊಂದಾಗಿ ಹಾಕಿ, ಯಾವುದು ಮೊದಲು ತಿಂದಿತು, ಯಾವುದು ಯಾವುದನ್ನು ಓಡಿಸಿತು, ಯಾವುದರ ಕಣ್ಣು ಕಪ್ಪಾಯಿತು ಎಂಬುದನ್ನು ದಿನವೂ ಬರೆದುಕೊಳ್ಳಲಿ. ನಾಲ್ಕನೆಯ ದಿನ ಮೊದಲಿನದನ್ನು ಬೇರೆ ತೊಟ್ಟಿಗೆ ತೆಗೆದು, ಮರುದಿನ ಯಾರು ಮೇಲೆದ್ದರೆಂದು ನೋಡಿ. ಸುಮ್ಮನೆ ನಿಂತ ಮರಿಯ ಕಿವಿರು ಮುಚ್ಚಳ ಒಂದು ನಿಮಿಷಕ್ಕೆ ಎಷ್ಟು ಸಲ ತೆರೆದು ಮುಚ್ಚುತ್ತದೆ ಎಂದು ಎಣಿಸಿಕೊಂಡರೆ ಉಸಿರಾಟದ ಒಂದು ಒರಟು ಸೂಚನೆಯೂ ಸಿಗುತ್ತದೆ, ಅದನ್ನು ದರವೆಂದು ಮಾತ್ರ ಕರೆಯಬೇಡಿ. ಎಣಿಕೆಯನ್ನು ಮರಿಗಳನ್ನು ಒಟ್ಟಿಗೆ ಬಿಡುವ ಮೊದಲೊಮ್ಮೆ, ಬಿಟ್ಟ ನಂತರ ಮತ್ತೊಮ್ಮೆ ಮಾಡಿಸಿ. ಹಾಗೆಯೇ ತೊಟ್ಟಿಯ ಎರಡು ಮೂಲೆಗಳಲ್ಲಿ ಒಡೆದ ಮಡಕೆಯ ಚೂರುಗಳನ್ನು ಇಡುವುದನ್ನು ಮರೆಯಬೇಡಿ. ಮರೆ ಸಿಕ್ಕಿದ ಸಾಲ್ಮನ್ ಮರಿ, ಅದರೊಳಗೆ ಹೋಗದೆ ಬಳಿಯಲ್ಲಿ ನಿಂತರೂ, ಕಡಿಮೆ ಆಮ್ಲಜನಕ ಬಳಸುತ್ತದೆಂದು ಅಳೆದು ನೋಡಿದವರು ಹೇಳಿದ್ದಾರೆ, ಸೋತ ಜಿಲೇಬಿ ಮರಿಗೂ ಅಷ್ಟು ಜಾಗ ಬೇಕು.